ಮಾರುವ ಮನೆಗೆ ಬಳಿದ ಬಣ್ಣ

ಮನೆಯನ್ನು ಮಾರಲು ನಿಶ್ಚಯಿಸಿದ ಗೃಹಸ್ಥನು ಮೊದಲು ಕರೆಯಿಸುವುದು ಬಣ್ಣದವನನ್ನು. ತಾನು ಇಪ್ಪತ್ತು ವರ್ಷ ವಾಸವಿದ್ದಾಗ ಹಬ್ಬಕ್ಕೂ ಸುಣ್ಣ ಕಾಣದಿದ್ದ ಗೋಡೆಗಳು ಆ ಒಂದು ವಾರದಲ್ಲಿ ಎರಡೆರಡು ಸಲ ಪುಟ್ಟಿ ಹಚ್ಚಿಸಿಕೊಂಡು ಮದುವೆಮನೆಯಂತೆ ಬೆಳಗುತ್ತವೆ. ದಲ್ಲಾಳಿಯ ಉಪದೇಶವೂ ಜೊತೆಗಿರುತ್ತದೆ: "ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡಿ ಸಾಹುಕಾರರೇ, ಗೋಡೆ ಒಣಗಿರುವಾಗಲೇ ತೋರಿಸಬೇಕು." ಕೇಳಿದವರು ಇದನ್ನು ಲೋಕಜ್ಞಾನವೆಂದು ತಲೆದೂಗುತ್ತಾರೆ. ತಕ್ಕಡಿಯಲ್ಲಿ ಒಂದು ಗುಲಗಂಜಿ ತೂಕ ಕಡಿಮೆಯಾದರೆ ನಾಚುವ ವರ್ತಕನು, ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಮಾಡುವ ಅತಿ ದೊಡ್ಡ ವ್ಯಾಪಾರದಲ್ಲಿ ಈ ಮಾತನ್ನು ನಿಸ್ಸಂಕೋಚವಾಗಿ ಒಪ್ಪುತ್ತಾನೆ. ಈ ಜಾಣತನಕ್ಕೆ ಅದರ ನಿಜವಾದ ಹೆಸರನ್ನು ಇಡುವ ಕಾಲ ಬಂದಿದೆ. ಅದು ಚೌರ್ಯದ ಒಂದು ಪ್ರಕಾರ.

ಮಾತು ಅತಿಯಾಯಿತೆಂದು ಮುನಿಯುವವರು ಮೊದಲು ಒಂದು ಭೇದವನ್ನು ಗಮನಿಸಬೇಕು. ಮನೆಯನ್ನು ಗುಡಿಸಿ ಸಾರಿಸುವುದು, ಅಟ್ಟದ ಹಳೆಯ ಸಾಮಾನುಗಳನ್ನು ಹೊರಹಾಕುವುದು, ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸುವುದು, ಒಡೆದ ಹೆಂಚನ್ನು ಬದಲಿಸುವುದು, ಇವುಗಳಲ್ಲಿ ಯಾವ ದೋಷವೂ ಇಲ್ಲ. ದುರಸ್ತಿಯು ಕೊರತೆಯನ್ನೇ ನೀಗಿಸುತ್ತದೆ. ಮರೆಮಾಚುವಿಕೆಯು ಕೊರತೆಯನ್ನು ಹಾಗೆಯೇ ಉಳಿಸಿ, ಕೊಳ್ಳುವವನಿಗೆ ಅದು ತಿಳಿಯದಂತೆ ಮಾತ್ರ ಮಾಡುತ್ತದೆ. ಎರಡಕ್ಕೂ ಕೂಲಿ ಒಂದೇ ಇರಬಹುದು, ಬಣ್ಣದ ಡಬ್ಬವೂ ಒಂದೇ ಇರಬಹುದು.

ತೇವದ ಗೋಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಪಾಯದ ಮೇಲೆ ತೇವವನ್ನು ತಡೆಯುವ ಪದರವಿಲ್ಲದ ಮನೆಗಳಲ್ಲಿ ನೆಲದ ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳ ಮೂಲಕ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ನೀರು ಆವಿಯಾಗಿ ಹೋದರೂ ಅದು ಹೊತ್ತು ತಂದ ಲವಣವು ಗೋಡೆಯ ಮೈಮೇಲೆ ಬಿಳಿಯ ಪುಡಿಯಾಗಿ ನಿಲ್ಲುತ್ತದೆ, ಗಾರೆ ಉದುರತೊಡಗುತ್ತದೆ. ಹಿಂದಿನವರು ಬಳಿಯುತ್ತಿದ್ದ ಸುಣ್ಣವು ಈ ಆವಿಯನ್ನು ಹೊರಗೆ ಬಿಡುತ್ತಿತ್ತು. ಈಗ ಮಾರಾಟದ ಮುನ್ನಾವಾರ ಬಳಿಯುವ ಎಣ್ಣೆಬಣ್ಣವು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಹೊರಬರಲು ದಾರಿ ಸಿಗದ ತೇವವು ಇನ್ನೂ ಎತ್ತರಕ್ಕೆ ಏರುತ್ತದೆ. ಅಂದರೆ ಮಾರುವವನು ರೋಗವನ್ನು ಮುಚ್ಚಿದ್ದು ಮಾತ್ರವಲ್ಲ, ಬೆಳೆಸಿಯೂ ಕೊಟ್ಟಂತಾಯಿತು. ತಾರಸಿಯ ಸೋರಿಕೆಯ ಕಥೆಯೂ ಇಂಥದೇ. ಮಳೆನೀರಿನ ಕೊಳವೆಯ ಬಾಯಿಯಲ್ಲಿ, ಸಜ್ಜಾ ಗೋಡೆಗೆ ಸೇರುವಲ್ಲಿ ಬಿರುಕು ಬಿಟ್ಟಿರುತ್ತದೆ. ಬಣ್ಣ ಬಳಿಯುವುದು ಮಾತ್ರ ಕೆಳಗಿನ ಕೋಣೆಯ ಛಾವಣಿಗೆ. ಫಾಲ್ಗುಣದಲ್ಲಿ ಕ್ರಯಪತ್ರವಾದರೆ ಆಷಾಢದಲ್ಲಿ ಹೊಸ ಯಜಮಾನನ ಮಂಚದ ಮೇಲೆ ನೀರು ಬೀಳುತ್ತದೆ.

ನೀರಿನ ವಿಷಯದಲ್ಲಿ ನಡೆಯುವ ಕಪಟವಂತೂ ಹೇಸಿಗೆ ಹುಟ್ಟಿಸುವಂಥದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದನ್ನು ಎಲ್ಲರೂ ಕಂಡಿದ್ದಾರೆ. ಬತ್ತಿದ ಬಾವಿಯ ಮನೆಯನ್ನು ತೋರಿಸುವ ಹಿಂದಿನ ರಾತ್ರಿ ಟ್ಯಾಂಕರ್ ತರಿಸಿ ಸಂಪನ್ನು ತುಂಬಿಸಿ, ಬೆಳಿಗ್ಗೆ ನಲ್ಲಿ ತಿರುಗಿಸಿ "ನೋಡಿ, ನೀರಿಗೆ ಕೊರತೆಯಿಲ್ಲ" ಎನ್ನುವವನು ಶಬ್ದಶಃ ಸುಳ್ಳಾಡಿಲ್ಲವೆಂದು ತನ್ನನ್ನು ಸಮಾಧಾನಪಡಿಸಿಕೊಳ್ಳಬಹುದು. ನೀರು ಬಂದದ್ದು ನಿಜವಷ್ಟೇ!

ಇದಕ್ಕೆ ಪೇಟೆಯಲ್ಲಿ ಸಿದ್ಧವಾಗಿರುವ ಉತ್ತರವೊಂದಿದೆ: ಕೊಳ್ಳುವವನಿಗೆ ಕಣ್ಣಿಲ್ಲವೇ, ನೋಡಿ ಕೊಳ್ಳುವುದು ಅವನ ಹೊಣೆ. ಅಂಗಡಿಯ ಸರಕಿನ ಮಟ್ಟಿಗೆ ಈ ಮಾತಿಗೆ ಸ್ವಲ್ಪ ಆಧಾರವುಂಟು. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಸರಕಿನ ಗುಣದ ಬಗ್ಗೆ ಮಾರುವವನ ಭರವಸೆಯನ್ನು ತಾನಾಗಿ ಊಹಿಸುವುದಿಲ್ಲ, ಹಲವು ಅಪವಾದಗಳನ್ನು ಮಾತ್ರ ಹೇಳುತ್ತದೆ. ಆದರೆ ಮನೆಯು ಅಂಗಡಿಯ ಸರಕಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಂ ಮಾರುವವನ ಕರ್ತವ್ಯಗಳನ್ನು ಎಣಿಸುವಾಗ ಮೊದಲಿಗೇ ಇದನ್ನು ಇಟ್ಟಿದೆ: ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ಅವನು ಕಂಡುಹಿಡಿಯಲಾಗದ ಮುಖ್ಯ ದೋಷವನ್ನು, ಅದು ಸ್ವತ್ತಿನದಾಗಲಿ ಹಕ್ಕಿನದಾಗಲಿ, ಮಾರುವವನು ತಾನೇ ತಿಳಿಸತಕ್ಕದ್ದು. ತಿಳಿಸದೆ ಬಿಟ್ಟರೆ ಅದು ವಂಚನೆಯೆಂದೇ ಆ ಕಲಮಿನ ಕೊನೆಯಲ್ಲಿದೆ. ತನಗೇ ತಿಳಿಯದ ದೋಷಕ್ಕೆ ಯಾರೂ ಅವನನ್ನು ಹೊಣೆಮಾಡಿಲ್ಲ. ವಿರುದ್ಧವಾದ ಕರಾರು ಇಲ್ಲದಿದ್ದರೆ ಮಾತ್ರ ಈ ನಿಯಮ ಅನ್ವಯಿಸುವುದರಿಂದ, ವಕೀಲನು ಕ್ರಯಪತ್ರದಲ್ಲಿ "ಈಗಿರುವ ಸ್ಥಿತಿಯಲ್ಲಿಯೇ ಒಪ್ಪಿಕೊಂಡು" ಎಂಬ ಸಾಲನ್ನು ತುರುಕಿ ಕಕ್ಷಿಗಾರನನ್ನು ಪಾರುಮಾಡಲು ಯತ್ನಿಸಬಹುದು. ಆ ಸಾಲು ನ್ಯಾಯಾಲಯದಲ್ಲಿ ಎಷ್ಟು ದೂರ ನಡೆಯುತ್ತದೆಯೋ ಆ ವಿಚಾರ ಬೇರೆ. ಪುಟ್ಟಿಯ ಹಿಂದಿರುವ ಸ್ಥಿತಿಯನ್ನು ಕಾಣಗೊಡದೆ ಅದನ್ನೇ "ಒಪ್ಪಿಕೊಂಡಿದ್ದೇನೆ" ಎಂದು ಬರೆಸಿಕೊಳ್ಳುವುದು ವ್ರತಿಯಾದವನಿಗೆ ಒಪ್ಪುವ ನಡೆಯಲ್ಲ.

ವ್ರತದ ಮಾತು ಬಂದುದರಿಂದ ಆಚಾರ್ಯರು ಏನೆಂದಿದ್ದಾರೆಂಬುದನ್ನೂ ನೋಡುವುದು ಉಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಅತಿಚಾರಗಳನ್ನು ಐದಾಗಿ ಎಣಿಸಿ, ಕೊನೆಯದನ್ನು ಪ್ರತಿರೂಪಕ ವ್ಯವಹಾರವೆಂದು ಕರೆದಿದ್ದಾರೆ. ಕೃತ್ರಿಮವಾದ ಚಿನ್ನ ಮುಂತಾದುವುಗಳಿಂದ ವಂಚಿಸಿ ವ್ಯವಹರಿಸುವುದೇ ಪ್ರತಿರೂಪಕವೆಂಬುದು ಪೂಜ್ಯಪಾದರ ವ್ಯಾಖ್ಯಾನ. ಒಣಗಿದ ಗೋಡೆಯಂತೆ ತೋರುವ ತೇವದ ಗೋಡೆಗೆ ಇದಕ್ಕಿಂತ ಸರಿಯಾದ ಹೆಸರು ಯಾವುದಿದೆ? ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಐದು ಸ್ಥೂಲ ಅಸತ್ಯಗಳನ್ನು ಹೇಳುವಾಗ ಕನ್ಯೆಯ ವಿಷಯದ ಸುಳ್ಳು, ಗೋವಿನ ವಿಷಯದ ಸುಳ್ಳುಗಳ ಪಕ್ಕದಲ್ಲಿಯೇ ಭೂಮಿಯ ವಿಷಯದ ಸುಳ್ಳನ್ನು ಇರಿಸಿದ್ದಾರೆ. ಹೆಣ್ಣು ತೋರಿಸುವಾಗ, ದನ ಮಾರುವಾಗ, ನೆಲ ಮಾರುವಾಗ ಮನುಷ್ಯನ ನಾಲಿಗೆ ಸಡಿಲವಾಗುತ್ತದೆಂಬುದನ್ನು ಸನ್ಯಾಸಿಗಳಾಗಿದ್ದೂ ಅವರು ಬಲ್ಲವರಾಗಿದ್ದರು.

"ನಾನೇನೂ ಹೇಳಲಿಲ್ಲ, ಮಾತಾಡಿದವನು ದಲ್ಲಾಳಿ" ಎನ್ನುವವರಿಗೂ ಉತ್ತರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ಸ್ಥೂಲವಾದ ಸುಳ್ಳನ್ನು ತಾನು ನುಡಿಯದಿರುವುದರ ಜೊತೆಗೆ ಪರರಿಂದ ನುಡಿಸದಿರುವುದನ್ನೂ ಸೇರಿಸಿದ್ದಾರೆ. ಶೇಕಡಾವಾರು ಕಮಿಷನ್ ಕೊಟ್ಟು ನುಡಿಸಿದ ಸುಳ್ಳು ಕೊಟ್ಟವನ ಲೆಕ್ಕಕ್ಕೇ ಜಮೆಯಾಗುತ್ತದೆ.

ಇಲ್ಲಿ ಇನ್ನೊಂದು ಕಹಿಯಾದ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಬಸದಿಯಲ್ಲಿ ಪ್ರತಿದಿನ ಕಾಣುವ ಶ್ರಾವಕನ ಮನೆಯನ್ನು ಕೊಳ್ಳುವಾಗ ಇಂಜಿನಿಯರನ್ನು ಕರೆತಂದರೆ ಅವರು ನೊಂದುಕೊಂಡಾರೆಂದು ಎಷ್ಟೋ ಜನ ಹಿಂಜರಿಯುತ್ತಾರೆ. ಕಾನೂನು ಹೇಳುವ ಸಾಮಾನ್ಯ ಎಚ್ಚರಿಕೆಯನ್ನೂ ವಹಿಸದಂತೆ ಅವರ ಕೈಕಟ್ಟಿದ್ದು ಮಾರುವವನ ಧರ್ಮದ ಮೇಲಿನ ವಿಶ್ವಾಸ. ಆ ವಿಶ್ವಾಸವನ್ನೇ ಪುಟ್ಟಿಯಂತೆ ಬಳಸಿದವನು ಅಪರಿಚಿತನನ್ನು ವಂಚಿಸಿದವನಿಗಿಂತ ಹೆಚ್ಚು ಕೆಟ್ಟದ್ದನ್ನು ಮಾಡಿದ್ದಾನೆ.

ಹಾಗಾದರೆ ಕಷ್ಟದಲ್ಲಿರುವವನ ಗತಿಯೇನು? ತಂದೆ ಆಸ್ಪತ್ರೆಯಲ್ಲಿದ್ದಾರೆ, ಬ್ಯಾಂಕಿನ ಕಂತು ತಪ್ಪಿದೆ, ಎರಡು ತಿಂಗಳಲ್ಲಿ ಹಣ ಕೈಗೆ ಬರಲೇಬೇಕು. ಇಂಥವನಿಗೆ ದೋಷಗಳನ್ನು ಸಾರಿಕೊಂಡು ಮಾರು ಎನ್ನುವುದು ನಿಷ್ಕರುಣೆಯಲ್ಲವೇ? ಈ ಆಕ್ಷೇಪ ತಿರಸ್ಕಾರಯೋಗ್ಯವಲ್ಲ. ಆದರೆ ಮಾರಾಟಗಳು ನಿಜವಾಗಿ ಎಲ್ಲಿ ತಡೆಯುತ್ತವೆಂಬುದನ್ನು ಬಲ್ಲವರು ಬಣ್ಣದವನನ್ನಲ್ಲ, ಕಪಾಟಿನಲ್ಲಿರುವ ಕಾಗದಗಳ ಗಂಟನ್ನು ಮೊದಲು ನೋಡುತ್ತಾರೆ. ಮೂಲ ಪತ್ರ ಕಾಣದು, ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ, ತೀರಿಸಿದ ಸಾಲದ ಆಧಾರ ಋಣಭಾರ ಪ್ರಮಾಣಪತ್ರದಲ್ಲಿ ಹಾಗೆಯೇ ಉಳಿದಿದೆ. ಮನೆಯನ್ನು ಮಾರಾಟಕ್ಕೆ ಸಿದ್ಧಪಡಿಸುವುದೆಂದರೆ ಮುಖ್ಯವಾಗಿ ಇವುಗಳನ್ನು ಸರಿಪಡಿಸುವುದು.

ಇವೆಲ್ಲಕ್ಕಿಂತ ದೊಡ್ಡ ತಡೆ ಸೋದರಿಯರ ಸಹಿ. ಅವಸರದ ಮಾರಾಟದಲ್ಲಿ ಮುಚ್ಚಿಡುವ ದೋಷಗಳಲ್ಲಿ ಇದು ಗೋಡೆಯ ತೇವಕ್ಕಿಂತ ಹಳೆಯದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಮರಣಶಾಸನ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂದಿನಿಂದಲೂ ಇದೆ. ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅವಿವಾಹಿತ ಪುತ್ರಿಯರಿಗೆ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಅದನ್ನು ವಿವಾಹಿತೆಯರಿಗೂ ವಿಸ್ತರಿಸಿತು. ತಂದೆ ಆಗ ಜೀವಂತರಾಗಿರಬೇಕೆಂಬ ಅನುಮಾನವನ್ನು ಸರ್ವೋಚ್ಚ ನ್ಯಾಯಾಲಯವು 2020ರ ತೀರ್ಪಿನಲ್ಲಿ ನಿವಾರಿಸಿತು. ಹೀಗಿದ್ದೂ "ಅವರಿಗೆ ಮದುವೆಯಲ್ಲಿ ಕೊಟ್ಟಾಗಿದೆ" ಎಂಬ ಒಂದೇ ಮಾತಿನ ಬಲದ ಮೇಲೆ ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರುವುದು ನಿಂತಿಲ್ಲ. ಇಲ್ಲಿ ವಂಚಿತರು ಇಬ್ಬರು. ಕೊಂಡವನು ಮುಂದೊಂದು ದಿನ ದಾವೆಯ ನೋಟೀಸು ಪಡೆಯುತ್ತಾನೆ. ಅಕ್ಕತಂಗಿಯರಿಗೆ ತವರುಮನೆ ಮಾರಿಹೋದ ಸುದ್ದಿ ಮಾರಾಟವಾದ ಮೇಲೆ ತಿಳಿಯುತ್ತದೆ. ದೋಷವು ಹಕ್ಕಿನದಾದರೂ ತಿಳಿಸಬೇಕೆಂದು 55ನೇ ಕಲಂ ಹೇಳುವುದು ಇಂಥ ಸಂದರ್ಭಕ್ಕೇ.

ಇನ್ನು ಗೆದ್ದಲು. ಬಾಗಿಲುವಾಡದ ಒಳಗೆ ಗೆದ್ದಲು ಹಿಡಿದಿದ್ದರೆ, ತೋರಿಸುವ ಎರಡು ದಿನ ಮುಂಚೆ ವಿಷ ಸಿಂಪಡಿಸಿ ಮೇಲೆ ವಾರ್ನಿಷ್ ಎಳೆಯುವುದು ಸಾಮಾನ್ಯವಾಗಿದೆ. ಸಂಸಾರ ನಡೆಸುವಾಗ ಅನಿವಾರ್ಯವಾಗಿ ಆಗುವ ಆರಂಭೀ ಹಿಂಸೆಗೆ ಗೃಹಸ್ಥನಿಗೆ ಒಂದಿಷ್ಟು ಅವಕಾಶವನ್ನು ಶಾಸ್ತ್ರಕಾರರು ಬಿಟ್ಟಿದ್ದಾರೆ. ಮಾರಿ ಹೋಗಲಿರುವ ಮನೆಯಲ್ಲಿ, ಮರದ ಟೊಳ್ಳನ್ನು ಮುಚ್ಚಿಡುವ ಉದ್ದೇಶದಿಂದ ಸಾವಿರಾರು ತ್ರಸಜೀವಿಗಳನ್ನು ಕೊಲ್ಲುವುದು ಆ ಅವಕಾಶದೊಳಗೆ ಹೇಗೆ ಬಂದೀತು? ಒಂದೇ ಕೆಲಸದಲ್ಲಿ ಹಿಂಸೆ, ಅನೃತ, ಸ್ತೇಯ ಮೂರೂ ಕೂಡಿಕೊಂಡಿವೆ.

ಕ್ರಯದ ಹಣವನ್ನು ಕಾಗದದಲ್ಲಿ ಅರ್ಧ, ಚೀಲದಲ್ಲಿ ಅರ್ಧ ಪಡೆದು ಬೇಗ ಮುಗಿಸುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಅದೇ ಐದು ಅತಿಚಾರಗಳಲ್ಲಿ ಒಂದಾದ ವಿರುದ್ಧರಾಜ್ಯಾತಿಕ್ರಮ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿ, ಪಡೆದಷ್ಟೇ ಮೊತ್ತದ ದಂಡವನ್ನೂ ಇಟ್ಟಿತು. ವರ್ತಕರಿಗೆ ಇದು ಗೊತ್ತಿಲ್ಲದ್ದೇನಲ್ಲ.

ಬೆಲೆ ಇಳಿಯುತ್ತದೆಂಬ ಭಯವೊಂದು ಉಳಿಯಿತು. ಇಳಿಯುತ್ತದೆ, ನಿಜ. ತಾರಸಿಗೆ ಹೊಸದಾಗಿ ಗಾರೆ ಹಾಕಿಸಲು ಎಷ್ಟು ಖರ್ಚೋ ಅಷ್ಟು ಇಳಿಯುತ್ತದೆ. ಅದು ಮೊದಲಿನಿಂದಲೂ ಮಾರುವವನದಾಗಿರಲಿಲ್ಲ. ಕೊಳ್ಳುವವನೇ ಪುಟ್ಟಿಯನ್ನು ಕೆರೆದು ತೇವವನ್ನು ಕಂಡರೆ ಮಾತ್ರ ಇಳಿತಕ್ಕೆ ಮಿತಿಯಿರುವುದಿಲ್ಲ. ಕಾಣದ ಇನ್ನೆಷ್ಟು ಇವೆಯೋ ಎಂದು ಅವನು ಮುಂಗಡವನ್ನೇ ಹಿಂದಕ್ಕೆ ಕೇಳುತ್ತಾನೆ. ಎರಡು ತಿಂಗಳ ಅವಸರದವನಿಗೆ ಆರು ತಿಂಗಳು ಹಿಡಿಯುವುದು ಹೀಗೆ. ಆದುದರಿಂದ ಕರಾರುಪತ್ರಕ್ಕೆ ಮೊದಲು ಒಂದು ಹಾಳೆಯ ಮೇಲೆ ಸೋರುವ ಮೂಲೆ, ತೇವದ ಗೋಡೆ, ಕೊಳವೆಬಾವಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ನೀರು ಕೊಡುತ್ತದೆಂಬುದು, ಪಕ್ಕದವರೊಡನೆ ಇರುವ ಕಾಂಪೌಂಡು ತಕರಾರು, ಪಾಲುದಾರರೆಲ್ಲರ ಹೆಸರು ಇಷ್ಟನ್ನು ಬರೆದು, ಬಣ್ಣ ಬಳಿಯುವ ಮುಂಚೆಯೇ ಮನೆಯನ್ನು ತೋರಿಸಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳತಕ್ಕದ್ದು. ಬಣ್ಣವನ್ನು ಆಮೇಲೆ ಕೊಂಡವನು ತನಗೆ ಬೇಕಾದದ್ದನ್ನು ಬಳಿಸಿಕೊಳ್ಳುತ್ತಾನೆ.