ಮೊದಲು ಕೇರಿಗೇ ಯಾಕೆ ಬರ್ತಾರೆ?

ನೆಲಮಂಗಲದ ಸುತ್ತಿನ ಯಾವ ಹಳ್ಳಿಯನ್ನಾದರೂ ತಗೊಳ್ಳಿ. ಯಾರದೋ ತೋಟದ ಪಂಪ್‌ಸೆಟ್ಟಿನ ಕೇಬಲ್ಲು ಕಳುವಾಗುತ್ತೆ. ಇಲ್ಲವೆ ದೊಡ್ಡಿಯಿಂದ ಎರಡು ಕುರಿ ಹೋಗುತ್ತವೆ. ಬೆಳಗಾಗೆದ್ದು ಊರ ಯಜಮಾನರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: 'ಕೇರಿ ಹೈಕಳನ್ನ ವಿಚಾರ್ಸಿ.' ಜೀಪೂ ಮೊದಲು ಬರೋದು ಕೇರಿಗೇ. ಆ ಜೀಪಿನ ಸದ್ದು ಕೇಳಿ ಅವ್ವನ ಸೆರಗಿನ ಹಿಂದೆ ನಿಂತವರು ನಮ್ಮ ಹಾಸ್ಟೆಲಿನಲ್ಲೇ ಎಷ್ಟು ಜನ ಇಲ್ಲ? ಕದ್ದವನು ಕೊನೆಗೆ ಊರೊಳಗಿನ ದೊಡ್ಡ ಮನೆಯವನೇ ಎಂದು ಗೊತ್ತಾದರೆ ಅದು 'ಹುಡುಗು ಬುದ್ಧಿ'. ಕೇರಿಯವನು ಮಾಡಿದರೆ ಅದು 'ಜಾತಿ ಬುದ್ಧಿ'.

ಈ ಎರಡು ಬುದ್ಧಿಗಳ ನಡುವೆ ನಮ್ಮ ಬದುಕು ಸಿಕ್ಕಿಕೊಂಡಿದೆ. ಹಳ್ಳಿ ಕೆಟ್ಟಿದೆ, ಕಳ್ಳತನ ಹೆಚ್ಚಿದೆ, ರಾತ್ರಿ ಹೊತ್ತು ಓಡಾಡೋ ಹಾಗಿಲ್ಲ ಎಂದು ಎಲ್ಲರೂ ಮಾತಾಡುತ್ತಾರೆ. ನಾವೂ ಮಾತಾಡೋಣ. ಆದರೆ ಬೇರಿನಿಂದ ಮಾತಾಡೋಣ.

ಒಂದು ಜಾತಿಯನ್ನೇ ಕಳ್ಳರು ಎಂದು ಕರೆಯುವ ರೂಢಿಗೆ ಈ ದೇಶದಲ್ಲಿ ಕಾನೂನಿನ ಮುದ್ರೆಯೇ ಇತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಹುಟ್ಟಿದ ಕೂಸು ಹುಟ್ಟಿದ ತಪ್ಪಿಗೇ ಅಪರಾಧಿ. ಕೊರಚ, ಕೊರಮರಂಥ ಅಲೆಮಾರಿಗಳು ಠಾಣೆಗೆ ಹಾಜರಿ ಹಾಕಬೇಕಾಯಿತು. 1952ರಲ್ಲಿ ಆ ಕಾಯ್ದೆ ಹೋಯಿತು. ಅದರ ಮನಸ್ಸು ಹೋಗಲಿಲ್ಲ. ಜೈಲಿನೊಳಗೆ ಜಾತಿ ನೋಡಿ ಕಕ್ಕಸು ತೊಳೆಸುವುದು, ಅಡಿಗೆ ಮಾಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ! 2011ರ ಜನಗಣತಿಯಂತೆ ದೇಶದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 16.6. ಜೈಲಿನಲ್ಲಿರುವವರಲ್ಲಿ ನಮ್ಮವರು ಸುಮಾರು ಐದನೇ ಒಂದು ಪಾಲು. ಇದು ರಕ್ತದ ದೋಷವೋ, ಜಾಮೀನಿಗೆ ಸಹಿ ಹಾಕಲು ಪಹಣಿ ಇರುವ ಒಬ್ಬ ನೆಂಟನೂ ಇಲ್ಲದ ದೋಷವೋ?

ಪಹಣಿ ಅಂದೆವಲ್ಲ, ಬೇರು ಇರೋದು ಅಲ್ಲೇ.

ನಮ್ಮ ತಾತಂದಿರು ತೋಟಿ, ತಳವಾರಿಕೆ ಮಾಡಿಕೊಂಡು ಊರು ಕಾಯ್ದರು. ಹೌದು, ಕಳ್ಳರಿಂದ ಊರು ಕಾಯ್ದವರೇ ನಮ್ಮವರು! ಅದಕ್ಕೆ ಇನಾಮಾಗಿ ಸಿಕ್ಕಿದ್ದ ತುಂಡು ನೆಲವನ್ನು, 1961ರ ಕಾಯ್ದೆ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದಾಗ, ಅವರಿಗೇ ಮರುಮಂಜೂರು ಮಾಡಲು ಅವಕಾಶವಾಯಿತು. ದರ್ಖಾಸ್ತಿನಲ್ಲೂ ಅಷ್ಟಿಷ್ಟು ಸಿಕ್ಕಿತು. ಸಾಲಕ್ಕೆ, ಮದುವೆಗೆ, ಕಾಯಿಲೆಗೆ, ಹೆಬ್ಬೆಟ್ಟಿಗೆ ಆ ನೆಲ ಕೈಬಿಟ್ಟು ಹೋಯಿತು. ಅದನ್ನು ತಡೆಯಲೆಂದೇ ದೇವರಾಜ ಅರಸರ ಕಾಲದಲ್ಲಿ 1978ರ ಕಾಯ್ದೆ ಬಂತು. ನಾವೆಲ್ಲ ಪಿಟಿಸಿಎಲ್ ಅನ್ನೋದು ಅದನ್ನೇ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅಪ್ಪಣೆಯಿಲ್ಲದೆ ಮಾರಿದರೆ ಆ ಕ್ರಯ ಅಸಿಂಧು, ಜಮೀನು ಹಿಂದಕ್ಕೆ ಕೊಡಿಸಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಇಷ್ಟು ತಡವಾಗಿ ಬಂದರೆ ಆಗದು ಎಂದಿತು. ಅಕ್ಷರ ಗೊತ್ತಿಲ್ಲದವನು ತಡವಾಗಿ ಬರದೆ ಇನ್ನು ಹೇಗೆ ಬಂದಾನು? ಊರೂರಿನಿಂದ ಜನ ಧರಣಿ ಕೂತ ಮೇಲೆ, 2023ರಲ್ಲಿ ಅರ್ಜಿಗೆ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಕೋರ್ಟಿನ ಜಗ್ಗಾಟ ಮಾತ್ರ ತಪ್ಪಲಿಲ್ಲ.

ಇತ್ತ ನಮ್ಮ ತಾಲ್ಲೂಕಿನಲ್ಲಿ ಏನಾಗಿದೆ ನೋಡಿ. ತುಮಕೂರು ರಸ್ತೆ, ಹಾಸನ ರಸ್ತೆ ಕವಲಾಗುವುದು ನೆಲಮಂಗಲದಲ್ಲೇ. ದಾಬಸ್‌ಪೇಟೆ ಕಡೆ ಕಾರ್ಖಾನೆಗಳು, ರಸ್ತೆಯುದ್ದಕ್ಕೂ ಗೋಡೌನುಗಳು, ರಾಗಿ ಹೊಲಗಳಲ್ಲಿ ಲೇಔಟಿನ ಕಲ್ಲುಗಳು. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದು ಬಾಗಿಲು ತೆಗೆದ ಮೇಲೆ ಕೇಳಬೇಕೆ? ಗುಂಟೆಗೆ ಬೆಲೆ ಬಂತು, ಮನುಷ್ಯನ ಬೆಲೆ ಇಳಿಯಿತು. ಅಪ್ಪ ಉತ್ತ ಹೊಲದಲ್ಲಿ ಮಗ ವಾಚ್‌ಮನ್. ಅವ್ವ ಕಳೆ ಕಿತ್ತ ಹೊಲದಲ್ಲಿ ಅಕ್ಕ ಕಸ ಗುಡಿಸುತ್ತಾಳೆ.

ಇಲ್ಲಿಂದಲೇ ಇನ್ನೊಂದು ಕತೆ ಶುರುವಾಗುತ್ತೆ. ಇದನ್ನು ನಾವು ಮುಚ್ಚಿಡಬಾರದು. ಜಮೀನಿನ ತಕರಾರು ಇದ್ದ ಕಡೆ ಬ್ರೋಕರಿಗೆ ಬೇಲಿ ಕೀಳಲು, ಬೇಲಿ ಹಾಕಲು, ಹೆದರಿಸಲು ಹುಡುಗರು ಬೇಕು. ಸಂಜೆ ಕಾರು ಬರುತ್ತೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನಮ್ಮ ತಮ್ಮಂದಿರು ಹತ್ತುತ್ತಾರೆ. ಒಂದು ಬಿರಿಯಾನಿ, ಒಂದು ಬಾಟಲಿ, ಜೇಬಿಗೆ ಒಂದಷ್ಟು ನೋಟು. ಗಲಾಟೆಯಾದರೆ ಬ್ರೋಕರಿಗೆ ಜಾಮೀನು, ತಮ್ಮನಿಗೆ ರೌಡಿ ಶೀಟು. ಎಷ್ಟೋ ಸಲ ಅವರು ಕಿತ್ತ ಬೇಲಿ ಇನ್ನೊಂದು ಕೇರಿಯ ಬಡವನದೇ! ನಮ್ಮ ಕೈಯಿಂದಲೇ ನಮ್ಮ ಕಣ್ಣಿಗೆ ಚುಚ್ಚಿಸುವುದು ಎಂದರೆ ಇದು. ಅದೇ ಬಾಟಲಿ ರಾತ್ರಿ ಮನೆಗೆ ಬಂದು ನಮ್ಮ ಅಕ್ಕತಂಗಿಯರ ಮೈಮೇಲೆ ಬಾಸುಂಡೆಯಾಗುತ್ತೆ. ಸವರ್ಣೀಯರ ದೌರ್ಜನ್ಯಕ್ಕೆ ಧಿಕ್ಕಾರ ಕೂಗುವ ನಾವು ಇದಕ್ಕೂ ಧಿಕ್ಕಾರ ಕೂಗದಿದ್ದರೆ ನಮ್ಮ ಕೂಗಿಗೆ ಅರ್ಥವಿಲ್ಲ. ನಮ್ಮವರಲ್ಲಿ ತಪ್ಪು ಮಾಡುವವರೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ತಪ್ಪಿಗೆ ಕಾರಣ ಉಂಟು, ಆ ಕಾರಣ ಜಾತಿಯಲ್ಲ, ನೆಲ ತಪ್ಪಿದ ಬದುಕು ಎನ್ನುತ್ತಿದ್ದೇವೆ.

ನೆಲ ತಪ್ಪಿದವನಿಗೆ ನ್ಯಾಯವೂ ತಪ್ಪುತ್ತೆ. ಕಂಬಾಲಪಲ್ಲಿಯನ್ನು ಮರೆಯಬೇಡಿ. ಆಗಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಕೇಸು ನಡೆಯಿತು. ಕಣ್ಣಾರೆ ಕಂಡ ಸಾಕ್ಷಿಗಳೇ ಕೋರ್ಟಿನಲ್ಲಿ ತಿರುಗಿ ಹೇಳಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಬೆಂಕಿ ತಾನಾಗಿ ನಡೆದು ಬಂತೆ?

ಸಾಕ್ಷಿಗಳನ್ನು ಹೇಡಿಗಳು ಎಂದು ಬಯ್ಯುವುದು ಸುಲಭ. ನಾವು ಬಯ್ಯುವುದಿಲ್ಲ. ಯಾರ ಹೊಲದಲ್ಲಿ ಕೂಲಿ ಮಾಡಬೇಕೋ, ಯಾರ ಹತ್ತಿರ ಸಾಲ ಎತ್ತಬೇಕೋ, ಯಾರ ಅಂಗಡಿಯಲ್ಲಿ ಉಪ್ಪು ಕೊಳ್ಳಬೇಕೋ, ಅವರ ಎದುರು ಆರು ವರ್ಷ ಬಾಯಿ ಬಿಟ್ಟು ನಿಲ್ಲು ಎಂದರೆ ಹೇಗೆ ನಿಂತಾನು? ಸ್ವಂತ ನೆಲದ ಮೇಲೆ ನಿಂತವನ ಸಾಕ್ಷಿ ಮಾತ್ರ ನಿಲ್ಲುತ್ತೆ. ಇದು ನಮ್ಮ ಖಚಿತವಾದ ಅಭಿಪ್ರಾಯ.

ನಿಂತ ಉದಾಹರಣೆಯೂ ಇದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಕ್ಷೌರದಂಗಡಿಗೆ, ಹೋಟೆಲಿಗೆ ನಮ್ಮವರನ್ನು ಬಿಟ್ಟುಕೊಳ್ಳದ ಊರು ಅದು. ಅಲ್ಲಿಯ ಜನ ಹತ್ತು ವರ್ಷ ಬಿಡಲಿಲ್ಲ. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು ಒಂದೇ ಕೇಸಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕೆಲವೇ ವಾರಗಳಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ದಾರಿ ದೊಡ್ಡದಿದೆ. ಆದರೆ ದಾರಿ ಇದೆ.

ಬಾಬಾಸಾಹೇಬರು 1949ರ ನವೆಂಬರಿನಲ್ಲೇ ಎಚ್ಚರಿಸಿದ್ದರು: ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ಇಬ್ಬಂದಿತನ ಬಹಳ ದಿನ ನಡೆದರೆ ನೊಂದವರು ಈ ಕಟ್ಟಡವನ್ನೇ ಒಡೆಯುತ್ತಾರೆ ಎಂದು. ಭದ್ರತೆ ಬೇಕು ಎಂದು ಸಿಸಿ ಕ್ಯಾಮೆರಾ ಹಾಕಿಸುವ ಯಜಮಾನರೇ, ಕೇಳಿಸಿಕೊಳ್ಳಿ. ಕೂಲಿ ಸರಿಯಾಗಿ ಕೊಡಿ, ಒತ್ತುವರಿ ಬಿಡಿ, ದೇವಸ್ಥಾನದ ಬಾಗಿಲು ತೆಗೆಯಿರಿ. ಅರ್ಧ ಅಪರಾಧ ಅಲ್ಲೇ ನಿಲ್ಲುತ್ತೆ.

ಗೆಳೆಯರೆ, ನಮ್ಮ ಕೆಲಸವೇನು?

ಒಂದು: ನಮ್ಮೂರ ಕೇರಿಯ ಜಮೀನುಗಳ ಪಟ್ಟಿ ಮಾಡಬೇಕು. ಸಾಗುವಳಿ ಚೀಟಿ ಟ್ರಂಕಿನ ತಳದಲ್ಲಿ ಗೆದ್ದಲು ತಿನ್ನುವ ಮೊದಲು ತೆಗೆದು ಓದಬೇಕು. ಸರ್ವೆ ನಂಬರು ಈಗ ಯಾರ ಹೆಸರಿನಲ್ಲಿದೆ ನೋಡಬೇಕು. ಉಪವಿಭಾಗಾಧಿಕಾರಿಗೆ ಅರ್ಜಿ ಬರೆಯಬೇಕು.

ಎರಡು: ಠಾಣೆಗೆ ಒಬ್ಬರೇ ಹೋಗಬಾರದು, ನಾಲ್ಕು ಜನ ಹೋಗಬೇಕು. ದೂರು ಬರೆದುಕೊಂಡೇ ಹೋಗಬೇಕು. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಎಫ್‌ಐಆರ್ ಹಾಕಲು ಮೊದಲೇ ವಿಚಾರಣೆ ನಡೆಸಬೇಕಿಲ್ಲ ಎಂದು 2018ರ ತಿದ್ದುಪಡಿ ಹೇಳುತ್ತೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೆ 4ನೇ ಕಲಮಿನಲ್ಲಿ ಶಿಕ್ಷೆ ಉಂಟು. 'ರಾಜಿ ಮಾಡ್ಕೊಳ್ರಯ್ಯಾ, ಇಲ್ದಿದ್ರೆ ನಿಮ್ ಮೇಲೂ ಕೇಸಾಗುತ್ತೆ' ಎಂದು ಹೆದರಿಸಿದರೆ ಹೆದರಬಾರದು. ಕೌಂಟರ್ ಕೇಸು ಹಳೆಯ ಅಸ್ತ್ರ.

ಮೂರು: ಸಾಕ್ಷಿ ಹೇಳುವವನ ಮನೆಯನ್ನು ಸಂಘಟನೆ ಕಾಯಬೇಕು. ಸಾಕ್ಷಿಗೆ ರಕ್ಷಣೆ, ಪ್ರಯಾಣದ ಖರ್ಚು ಕೊಡುವುದು ಸರ್ಕಾರದ ಹೊಣೆ ಎಂದು ಅದೇ ಕಾಯ್ದೆಯ 15ಎ ಕಲಮು ಹೇಳುತ್ತೆ. ಅದನ್ನು ಕೇಳಿ ಪಡೆಯಬೇಕು. ಅವನ ಕೂಲಿ ನಿಂತರೆ ನಾವು ಒಂದೊಂದು ಹಿಡಿ ರಾಗಿ ಕೂಡಿಸಬೇಕು. ಬಹಿಷ್ಕಾರ ಹಾಕುವುದೂ ಅಪರಾಧ ಎಂದು ಊರಿಗೆ ಕೂಗಿ ಹೇಳಬೇಕು.

ನಾಲ್ಕು: ಸಂಜೆ ಬರುವ ಆ ಕಾರಿಗೆ ಹತ್ತಬಾರದು. ಹತ್ತಿದ ತಮ್ಮನನ್ನು ಬಯ್ದು ಬಿಡಬಾರದು. ರೂಮಿಗೆ ಕರೆದುಕೊಂಡು ಬಂದು ಅನ್ನ ಹಾಕಿ ಕೂರಿಸಿ ಮಾತಾಡಿಸಬೇಕು.

ನಾವು ಓದಿದ ನಾಲ್ಕಕ್ಷರ ಕೇರಿಯ ಕೂಲಿ ದುಡ್ಡಿನದು. ಅದನ್ನು ಕೇರಿಗೆ ತೀರಿಸುವ ಕಾಲ ಇದು. ಮುಂದಿನ ಸಭೆಗೆ ಬರುವಾಗ ಬರಿಗೈಯಲ್ಲಿ ಬರಬೇಡಿ. ನಿಮ್ಮೂರಿನ ಒಂದು ಪಹಣಿ ತನ್ನಿ.

ಜೈ ಭೀಮ್.