ಟಿಕ್ ಮಾರ್ಕ್ ಎಣಿಸುವ ಇಂಜಿನಿಯರುಗಳಿಗೆ ಒಂದು ಮಾತು

ಈ ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಕಾರಣ ಮಾಮೂಲಿನದ್ದೇ. ಒಂದು ರಿಲೀಸು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ರಿಲೀಸು. ಇವತ್ತೂ ಬರೆಯುವ ಯೋಚನೆ ಇರಲಿಲ್ಲ. ಆದರೆ ನಿನ್ನೆ ಮಧ್ಯಾಹ್ನ ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗ ಒಂದು ಎಕ್ಸೆಲ್ ಶೀಟ್ ಕಳಿಸಿದ. ಅದನ್ನು ನೋಡಿದಾಗಿನಿಂದ ತಲೆ ಕೆಟ್ಟು ಕೂತಿದ್ದೀನಿ. ಇಲ್ಲಿ ಕಾರಿಕೊಳ್ಳದೆ ಬೇರೆ ದಾರಿಯಿಲ್ಲ :-)

ಹುಡುಗ ಹಾಸನದ ಕಡೆಯವನು. ವಾರಕ್ಕೊಮ್ಮೆ ಊರಿಗೆ ಹೋಗೋಕೆ ಒಂದು ಪುಟ್ಟ ಕಾರು ಬೇಕಂತೆ, 'ಸ್ವಲ್ಪ ಸ್ಪೋರ್ಟಿ' ಆಗಿರಬೇಕಂತೆ. ಮಾರುತಿ ಸ್ವಿಫ್ಟ್‌ನ ಐದೂ ವೇರಿಯಂಟುಗಳನ್ನು ಅಡ್ಡಕ್ಕೆ ಬರೆದು, ಕೆಳಗೆ ಉದ್ದಕ್ಕೆ ಮೂವತ್ತೊಂದು ಫೀಚರುಗಳನ್ನು ಹಾಕಿ, ಇದ್ದದ್ದಕ್ಕೆ ಟಿಕ್, ಇಲ್ಲದ್ದಕ್ಕೆ ಇಂಟು ಹಾಕಿದ್ದಾನೆ. ಕೊನೇ ಕಾಲಮ್ಮಿನಲ್ಲಿ ಬೇರೊಂದು ಕಂಪನಿಯ 2014ರ ಸೆಕೆಂಡ್ ಹ್ಯಾಂಡ್ ಕಾರು. ಅಲಾಯ್ ವೀಲು, ಸ್ಪಾಯ್ಲರ್, ಬಾನೆಟ್ ಮೇಲೆ ಎರಡು ಪಟ್ಟೆ, ಆಮೇಲೆ ಹಾಕಿಸಿದ ದೊಡ್ಡ ಟಚ್ ಸ್ಕ್ರೀನು. ಬೆಲೆ ಮೂರೂವರೆ ಲಕ್ಷ. ಶೀಟಿನ ತಳದಲ್ಲಿ ಮೊತ್ತ: ಹೊಸ ಸ್ವಿಫ್ಟ್ ಬೇಸ್ ಮಾಡೆಲ್ 14 ಟಿಕ್, ಹಳೇ ಕಾರು 22 ಟಿಕ್. "ಅಣ್ಣಾ, ಡೇಟಾ ಕ್ಲಿಯರ್ ಆಗಿದೆ ಅಲ್ವಾ? ಹಳೇದೇ ತಗೊಳ್ಳಲಾ?" ಅಂತ ಕೇಳಿದ್ದಾನೆ.

ಆ ಹಳೇ ಕಾರಿನಲ್ಲಿ ಒಂದೂ ಏರ್‌ಬ್ಯಾಗ್ ಇಲ್ಲ. ಎಬಿಎಸ್ ಇಲ್ಲ. ಶೀಟಿನ ಪ್ರಕಾರ ಅದರ ನಷ್ಟ ಎರಡು ಟಿಕ್. ಕಪ್ ಹೋಲ್ಡರ್‌ಗೆ ಒಂದು ಟಿಕ್, ಕನ್ನಡಕ ಇಡುವ ಗೂಡಿಗೆ ಒಂದು ಟಿಕ್. ಲೆಕ್ಕ ಚುಕ್ತಾ!

ಅವನನ್ನು ಬೈದು ಪ್ರಯೋಜನವಿಲ್ಲ. ನಾವೆಲ್ಲ ಮಾಡೋದೇ ಹೀಗೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಎಲ್ಲ ವೇರಿಯಬಲ್ಲಿಗೂ ಒಂದೇ ತೂಕ ಕೊಟ್ಟು ಕೂಡಿಸಿ, ಅದನ್ನು ಡೇಟಾ ಅಂತ ಕರೀತೀವಿ. ಇನ್ನೂ ತಮಾಷೆ ನೋಡಿ. ಒಂದೇ ಕಾರಿನ ವೇರಿಯಂಟುಗಳಲ್ಲಿ ಮೇಲಿನದ್ದು ಹೆಚ್ಚೂಕಮ್ಮಿ ಕೆಳಗಿನದ್ದರ ಸೂಪರ್‌ಸೆಟ್. ಟಿಕ್ ಎಣಿಸಿದರೆ ಪ್ರತೀ ಸಲವೂ ಟಾಪ್ ಎಂಡೇ ಗೆಲ್ಲಬೇಕು. ಉತ್ತರ ಮೊದಲೇ ಗೊತ್ತಿರೋ ಲೆಕ್ಕಕ್ಕೆ ಶೀಟ್ ಯಾಕೆ ಬೇಕು? ಕಂಪನಿಯ ಬ್ರೋಷರ್ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಅವರ ಮಾರ್ಕೆಟಿಂಗ್ ಕೆಲಸವನ್ನು ನಾವು ಸಂಬಳವಿಲ್ಲದೆ ಮಾಡಿಕೊಡ್ತಿದ್ದೀವಿ.

ಇರಲಿ, ಸ್ವಿಫ್ಟ್‌ನದೇ ಏಣಿ ನೋಡೋಣ. ಈಗಿನ ಮಾಡೆಲ್ ಬಂದದ್ದು 2024ರ ಮೇನಲ್ಲಿ. ಅವತ್ತಿನ ಎಕ್ಸ್ ಶೋರೂಮ್ ದರ, ಮ್ಯಾನುಯಲ್ ಗೇರಿನದ್ದು, ಹೀಗಿತ್ತು: ಎಲ್‌ಎಕ್ಸ್‌ಐ 6.49 ಲಕ್ಷ, ವಿಎಕ್ಸ್‌ಐ 7.29, ವಿಎಕ್ಸ್‌ಐ ಆಪ್ಷನಲ್ 7.56, ಝಡ್‌ಎಕ್ಸ್‌ಐ 8.29, ಝಡ್‌ಎಕ್ಸ್‌ಐ ಪ್ಲಸ್ 8.99. ಗೇರು ತಾನೇ ಹಾಕಿಕೊಳ್ಳುವ ಎಎಂಟಿ ಬೇಕಂದ್ರೆ ಎಲ್‌ಎಕ್ಸ್‌ಐ ಬಿಟ್ಟು ಉಳಿದವಕ್ಕೆ ಮತ್ತೆ ಐವತ್ತು ಸಾವಿರ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದ ಮೇಲೆ ದರವೂ ಇಳಿಯಿತು. ಏಣಿಯ ಮೆಟ್ಟಿಲುಗಳು ಮಾತ್ರ ಹಾಗೇ ಇವೆ.

ಮೆಟ್ಟಿಲಿಗೊಂದು ಕಾಸು, ಆ 2024ರ ದರದ ಲೆಕ್ಕದಲ್ಲಿ. ಮೊದಲ ಮೆಟ್ಟಿಲಿಗೆ 80 ಸಾವಿರ: ಮುಖ್ಯವಾಗಿ ಸಿಗೋದು ಏಳು ಇಂಚಿನ ಸ್ಕ್ರೀನು, ಸ್ಪೀಕರು. (ಎಲ್‌ಎಕ್ಸ್‌ಐನಲ್ಲಿ ಹಾಡು ಕೇಳೋಕೆ ಏನೂ ಇಲ್ಲ, ನೀವೇ ಹಾಡಿಕೊಳ್ಳಬೇಕು.) ಇನ್ನೊಂದು 27 ಸಾವಿರಕ್ಕೆ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸೌಭಾಗ್ಯ. ಮತ್ತೆ 73 ಸಾವಿರಕ್ಕೆ 15 ಇಂಚಿನ ಅಲಾಯ್, ಎಲ್‌ಇಡಿ ಹೆಡ್‌ಲೈಟು, ಆಟೋಮ್ಯಾಟಿಕ್ ಎಸಿ. ಕೊನೆಯ 70 ಸಾವಿರಕ್ಕೆ ಏಳಿಂಚಿನ ಸ್ಕ್ರೀನು ಒಂಬತ್ತಿಂಚು ಆಗುತ್ತೆ, ಅಲಾಯ್ ಹೊಳೆಯುತ್ತೆ, ಕ್ರೂಸ್ ಕಂಟ್ರೋಲ್ ಬರುತ್ತೆ. ತಳದಿಂದ ತುದಿಗೆ ಎರಡೂವರೆ ಲಕ್ಷ. ಒಮ್ಮೆಗೇ ಎರಡೂವರೆ ಲಕ್ಷ ಕೇಳಿದ್ರೆ ಎದ್ದು ಬರ್ತೀವಿ. "ಇನ್ನೊಂದು ಎಪ್ಪತ್ತು ಹಾಕ್ಬಿಡಿ ಸಾರ್, ಇಎಂಐ ಸಾವಿರದ ಚಿಲ್ರೆ ಅಷ್ಟೇ" ಅಂದ್ರೆ ತಲೆಯಾಡಿಸ್ತೀವಿ.

ಈಗ ನಮ್ಮ ಹುಡುಗನ 'ಸ್ಪೋರ್ಟಿ' ವಿಷಯ. ಈ ಐದರಲ್ಲೂ ಎಂಜಿನ್ ಒಂದೇ. 1197 ಸಿಸಿ, ಮೂರು ಸಿಲಿಂಡರ್, ಸುಮಾರು 82 ಪಿಎಸ್, 112 ನ್ಯೂಟನ್ ಮೀಟರ್. ಎರಡೂವರೆ ಲಕ್ಷ ಹೆಚ್ಚಿಗೆ ಸುರಿದರೂ ಅರ್ಧ ಕುದುರೆ ಜಾಸ್ತಿ ಸಿಗಲ್ಲ. ರಸ್ತೆಗೆ ತಾಗುವ ವ್ಯತ್ಯಾಸ ಒಂದೇ ಒಂದು, ಟೈರು. ಕೆಳಗಿನವಕ್ಕೆ 165 ಎಂಎಂ ಅಗಲ, ಝಡ್‌ಎಕ್ಸ್‌ಐನಿಂದ ಮೇಲಕ್ಕೆ 185. ಅದು ನಿಜವಾದ ವ್ಯತ್ಯಾಸವೇ. ಆದರೆ ಟೈರು, ವೀಲು ಬೆಂಗಳೂರಿನ ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುತ್ತವೆ.

ಹಾಗಾದ್ರೆ ನಿಜವಾದ ಸ್ಪೋರ್ಟಿ ಸ್ವಿಫ್ಟ್ ಇಲ್ಲವೇ? ಇತ್ತು, ಹೊರದೇಶಗಳಲ್ಲಿ. 2017ರಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ಗೆ 1373 ಸಿಸಿ ಟರ್ಬೋ ಎಂಜಿನ್, 140 ಪಿಎಸ್. ಕಂಪನಿ ಅದನ್ನು ನಮ್ಮಲ್ಲಿ ಮಾರಲೇ ಇಲ್ಲ. ತೆರಿಗೆ ಪುಸ್ತಕ ತೆರೆದರೆ ಒಂದು ಬಲವಾದ ಕಾರಣ ಕಾಣುತ್ತೆ. ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಇದ್ದರೆ ಅದು ಸಣ್ಣ ಕಾರು ಅಂತ 2006ರ ಬಜೆಟ್ಟಿನಲ್ಲಿ ಗೆರೆ ಎಳೆದರು. ಗೆರೆ ಇವತ್ತಿಗೂ ಅಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿದ್ದರೆ ಜಿಎಸ್‌ಟಿ ಶೇ. 18, ಹೊರಗಿದ್ದರೆ ಶೇ. 40. 2005ರಲ್ಲಿ ಇಲ್ಲಿಗೆ ಬಂದ ಮೊದಲ ಸ್ವಿಫ್ಟ್‌ಗೆ 1.3 ಲೀಟರ್ ಎಂಜಿನ್ ಇತ್ತು. 2010ರಲ್ಲಿ ಅದು 1.2 ಆಯ್ತು. ಈಗಿನದ್ದು ಗೆರೆಗಿಂತ ಬರೀ ಮೂರು ಸಿಸಿ ಕಡಿಮೆ. ಎಂಜಿನ್ ಗಾತ್ರವನ್ನು ತೆರಿಗೆಯವರು ನಿಗದಿ ಮಾಡಿದ ಮೇಲೆ ಸ್ಪೋರ್ಟಿನೆಸ್ಸು ಉಳಿಯೋದು ಬಂಪರಿನಲ್ಲಿ, ಸ್ಟಿಕ್ಕರಿನಲ್ಲಿ.

ಆ ಗೆರೆಯೊಳಗೇ ನಿಜವಾದ ಕಸುವು ತುಂಬಿ ಕೊಟ್ಟವರೂ ಇದ್ದರು. ಬಲೆನೋ ಆರ್‌ಎಸ್ 2017ರಲ್ಲಿ ಬಂತು, ಟಿಯಾಗೋ ಜೆಟಿಪಿ 2018ರಲ್ಲಿ ಬಂತು. ಎರಡೂ 2020ರ ಹೊತ್ತಿಗೆ ಮಾಯ. ಇಂಟರ್ನೆಟ್ಟಿನಲ್ಲಿ ಹೊಗಳಿದವರೆಲ್ಲ ಶೋರೂಮಿಗೆ ಹೋಗಿದ್ದರೆ ಉಳಿಯುತ್ತಿದ್ದವೋ ಏನೋ.

ನಮ್ಮ ಕರ್ನಾಟಕದವರಿಗೆ ಇನ್ನೊಂದು ಸ್ಪೆಷಲ್ ಮೆಟ್ಟಿಲಿದೆ, ಅದನ್ನು ಯಾವ ಬ್ರೋಷರೂ ಹೇಳಲ್ಲ. ಇಲ್ಲಿ ಕಾರಿನ ಲೈಫ್ ಟ್ಯಾಕ್ಸು ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಹತ್ತು ದಾಟಿದರೆ ಶೇ. 17, ಜೊತೆಗೆ ಆ ಟ್ಯಾಕ್ಸಿನ ಮೇಲೆ ಶೇ. 11 ಸೆಸ್. ಹತ್ತು ದಾಟಿದರೆ ದಾಟಿದ ಭಾಗಕ್ಕಲ್ಲ, ಪೂರ್ತಿ ಬೆಲೆಗೆ ಹೊಸ ದರ. 2024ರ ಜೂನಿನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ನೋಡಿ, 120 ಪಿಎಸ್‌ನ ನಿಜವಾದ ಸ್ಪೋರ್ಟಿ ಕಾರು. ಬಂದಾಗ ಆರ್1 ವೇರಿಯಂಟ್ 9.49 ಲಕ್ಷ, ಆರ್2 10.49 ಲಕ್ಷ ಇತ್ತು. ಎಂಜಿನ್ ಅದೇ, ಆರು ಏರ್‌ಬ್ಯಾಗ್ ಎರಡಕ್ಕೂ ಇತ್ತು. ಆರ್1ಗೆ ಟ್ಯಾಕ್ಸು ಸುಮಾರು 1.47 ಲಕ್ಷ, ಆರ್2ಗೆ 1.98 ಲಕ್ಷ. ಸನ್‌ರೂಫ್ ಮತ್ತಿತರ ಆಭರಣಗಳಿಗೆ ಪಟ್ಟಿಯಲ್ಲಿದ್ದ ಬೆಲೆ ಒಂದು ಲಕ್ಷ, ಬೆಂಗಳೂರಿನಲ್ಲಿ ತೆರಬೇಕಿದ್ದದ್ದು ಒಂದೂವರೆ. ಆ ಸನ್‌ರೂಫಿನಿಂದ ಕಾಣೋದು ಸಿಲ್ಕ್ ಬೋರ್ಡ್ ಫ್ಲೈಓವರಿನ ತಳ :-)

ಇಲ್ಲೀತನಕ ಹೇಳಿದ್ದು ದುಡ್ಡಿನ ಮಾತು. ನಿಮ್ಮ ದುಡ್ಡು, ನಿಮ್ಮ ಇಷ್ಟ. ನನ್ನ ನಿಜವಾದ ಸಿಟ್ಟು ಮುಂದಿನದ್ದರ ಮೇಲೆ.

ಇವತ್ತು ಸ್ವಿಫ್ಟ್‌ನ ಅತಿ ಅಗ್ಗದ ವೇರಿಯಂಟಿಗೂ ಆರು ಏರ್‌ಬ್ಯಾಗ್, ಎಬಿಎಸ್, ಇಎಸ್‌ಪಿ ಇದೆ. ಒಳ್ಳೇದು. ಆದರೆ 2005ರಲ್ಲಿ ಅದೇ ಸ್ವಿಫ್ಟ್‌ನಲ್ಲಿ ಏರ್‌ಬ್ಯಾಗ್ ಬೇಕಂದ್ರೆ ತುದಿಯ ಝಡ್‌ಎಕ್ಸ್‌ಐವರೆಗೂ ಹತ್ತಬೇಕಿತ್ತು. ಅವರೊಬ್ಬರೇ ಅಲ್ಲ, ಸಣ್ಣ ಕಾರು ಮಾರುವ ಬಹುತೇಕ ಎಲ್ಲರೂ ಪ್ರಾಣ ಉಳಿಸುವ ವಸ್ತುವನ್ನು ಫಾಗ್ ಲ್ಯಾಂಪಿನ ಪಕ್ಕ ಇಟ್ಟು ಮಾರಿದರು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿದಾಗ ಐದಕ್ಕೂ ಸೊನ್ನೆ. ಅದರಲ್ಲೊಂದು ಫೋಕ್ಸ್‌ವ್ಯಾಗನ್ ಪೋಲೋ. ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ಸ್ಟಾರ್. ಕಾರು ಅದೇ, ಬಾಡಿ ಅದೇ. ಟಿಕ್ ಎಣಿಸುವವರ ಲೆಕ್ಕದಲ್ಲಿ ಆ ವ್ಯತ್ಯಾಸ ಕಪ್ ಹೋಲ್ಡರಿನಷ್ಟೇ! ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೋ ಮಾರೋದನ್ನೇ ನಿಲ್ಲಿಸಿತು. ಅದೇ ವರ್ಷ ನವೆಂಬರಿನಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೂ ಸೊನ್ನೆ ಬಂತು.

ಆಮೇಲೂ ಏಣಿ ತಾನಾಗಿ ಕುಸಿಯಲಿಲ್ಲ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರಿನ ಏರ್‌ಬ್ಯಾಗ್ 2019ರ ಜುಲೈನಲ್ಲಿ. ಪಕ್ಕದಲ್ಲಿ ಕೂರುವ ಹೆಂಡತಿಗೋ ಅಮ್ಮನಿಗೋ ಒಂದು ಏರ್‌ಬ್ಯಾಗ್ ಎಲ್ಲ ಕಾರಿನಲ್ಲೂ ಸಿಕ್ಕಿದ್ದು 2021ರ ಕೊನೆಗೆ. ಎಲ್ಲಕ್ಕೂ ಆರು ಏರ್‌ಬ್ಯಾಗ್ ಕಡ್ಡಾಯ ಮಾಡ್ತೀವಿ ಅಂತ 2022ರಲ್ಲಿ ಹೊರಟ ಕೇಂದ್ರ ಸರ್ಕಾರ 2023ರಲ್ಲಿ ಕೈಬಿಟ್ಟಿತು. ಅಂದ್ರೆ ಕಾನೂನು ತಳ್ಳಿದಷ್ಟೇ ಕಂಪನಿಗಳು ಮುಂದೆ ಹೋದದ್ದು. ಇಷ್ಟು ವರ್ಷ ಗ್ರಾಹಕ ಏನು ಮಾಡ್ತಿದ್ದ? ಟಿಕ್ ಎಣಿಸುತ್ತಿದ್ದ.

ನಾನೂ ಎಣಿಸಿದವನೇ. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ಮೋಸವಾಗುತ್ತೆ.

2013. ನಾನು ಪಿಯುಸಿ. ಅಪ್ಪ ಜೀವಮಾನದ ಮೊದಲ ಕಾರು ತಗೊಳ್ಳೋಕೆ ಹೊರಟರು. ಒಂದು ಕಂಪನಿಯ ಪುಟ್ಟ ಕಾರು, ಹೆಸರು ಬೇಡ. ಬೇಸ್ ಮಾಡೆಲ್ಲಿಗೆ ಏನೂ ಇಲ್ಲ, ನಡುವಿನದ್ದಕ್ಕೆ ಸ್ಪಾಯ್ಲರ್, ಪಟ್ಟೆ ಸ್ಟಿಕ್ಕರ್, ಮ್ಯೂಸಿಕ್ ಸಿಸ್ಟಮ್ಮು. ತುದಿಯದ್ದಕ್ಕೆ ಏರ್‌ಬ್ಯಾಗು, ಎಬಿಎಸ್ಸು. ನಡುವಿನದ್ದಕ್ಕೂ ತುದಿಯದ್ದಕ್ಕೂ ನಲವತ್ತು ಸಾವಿರದ ಅಂತರ. ಅಪ್ಪ ಒಂದು ಕ್ಷಣ ಅನುಮಾನಿಸಿದರು. ಸೇಲ್ಸಿನವನು, "ಸಾರ್, ನೀವೇನು ರೇಸಿಗೆ ಹೋಗ್ತೀರಾ? ಏರ್‌ಬ್ಯಾಗ್ ಒಂದ್ಸಲ ಓಪನ್ ಆದ್ರೆ ರಿಪೇರಿ ಖರ್ಚೇ ಜಾಸ್ತಿ" ಅಂದ. ನಾನು ಸ್ಪಾಯ್ಲರ್ ಸವರುತ್ತಾ ನಿಂತಿದ್ದೆ. "ಇದೇ ಸಾಕಪ್ಪಾ, ಇದೇ ಚೆನ್ನಾಗಿದೆ" ಅಂದವನು ನಾನೇ.

2016ರ ಡಿಸೆಂಬರ್. ಊರಿಗೆ ಹೋಗುವಾಗ ಹಿರೀಸಾವೆ ದಾಟಿದ ಮೇಲೆ, ಬೆಳಗಿನ ಜಾವದ ಮಂಜಿನಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರು. ಅಪ್ಪ ಬ್ರೇಕ್ ಒತ್ತಿದರು. ಚಕ್ರ ಕಚ್ಚಿಕೊಂಡು ಕಾರು ಜಾರಿತು. ಬೆಲ್ಟ್ ಹಾಕಿದ್ದರು, ಆದರೂ ಮುಖ ಸ್ಟೀರಿಂಗಿಗೆ ಹೊಡೆಯಿತು. ದವಡೆ ಎರಡು ಕಡೆ ಮುರಿಯಿತು. ಆರು ವಾರ ತಂತಿ ಕಟ್ಟಿಸಿಕೊಂಡು ಸ್ಟ್ರಾದಲ್ಲಿ ರಾಗಿ ಗಂಜಿ ಕುಡಿದರು. ಪಕ್ಕದಲ್ಲಿದ್ದ ನನಗೆ ಮೊಣಕೈ ತರಚಿದ್ದಷ್ಟೇ. ಮ್ಯೂಸಿಕ್ ಸಿಸ್ಟಮ್ಮಿಗೆ ಏನೂ ಆಗಿರಲಿಲ್ಲ, ಹಾಡು ಓಡ್ತಾನೇ ಇತ್ತು.

ಅಪ್ಪ ಚೆನ್ನಾಗಿದ್ದಾರೆ. ಕೋಡುಬಳೆ ಮಾತ್ರ ಹಾಲಿನಲ್ಲಿ ನೆನೆಸಿ ತಿಂತಾರೆ. ಸ್ಪಾಯ್ಲರ್ ವಿಷಯ ಒಂದು ದಿನವೂ ಎತ್ತಿಲ್ಲ. ಎತ್ತಿದ್ದರೆ ವಾಸಿ ಇತ್ತು.

ಕೆಲವರು ಹೇಳಬಹುದು, ಏರ್‌ಬ್ಯಾಗ್ ಒಂದಿದ್ದರೆ ಎಲ್ಲ ಆಯ್ತಾ ಅಂತ. ಆಗಲ್ಲ. 2018ರಲ್ಲಿ ಎರಡು ಏರ್‌ಬ್ಯಾಗ್ ಇದ್ದ ಸ್ವಿಫ್ಟ್‌ಗೂ ಗ್ಲೋಬಲ್ ಎನ್‌ಕ್ಯಾಪ್ ಕೊಟ್ಟದ್ದು ಎರಡೇ ಸ್ಟಾರ್. ಗುದ್ದಿದಾಗ ಬಾಡಿ ಭದ್ರವಾಗಿ ನಿಲ್ಲಲಿಲ್ಲ ಅಂತ ವರದಿಯಲ್ಲಿತ್ತು. ಬಾಡಿಯ ಗಟ್ಟಿತನ ಬ್ರೋಷರಿನ ಯಾವ ಸಾಲಿನಲ್ಲೂ ಇರಲ್ಲ, ಅದಕ್ಕೆ ಟಿಕ್ ಇಲ್ಲ. ಕ್ರ್ಯಾಶ್ ಟೆಸ್ಟ್ ವರದಿ ಓದಬೇಕು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಇನ್ನು ಬಜೆಟ್ ಇಲ್ಲ ಅನ್ನುವವರಿಗೆ: ಹಳೇ ಕಾರು ತಗೊಳ್ಳೋದು ತಪ್ಪಲ್ಲ. 2019ರ ಜುಲೈ ನಂತರ ತಯಾರಾದದ್ದು ತಗೊಳ್ಳಿ, ಇಲ್ಲಾ ಏರ್‌ಬ್ಯಾಗ್ ಇರುವ ಹಳೇ ಟಾಪ್ ಎಂಡ್ ಹುಡುಕಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊತ್ತದಿದ್ದರೂ ಅನುಮಾನ, ಆರದಿದ್ದರೂ ಅನುಮಾನ.

ಹುಡುಗನಿಗೆ ನಾನು ಶೀಟ್ ತಿದ್ದಿ ವಾಪಸ್ ಕಳಿಸಿದೆ. ಮೂವತ್ತೊಂದು ಸಾಲು ಅಳಿಸಿ ಎರಡೇ ಗುಂಪು ಮಾಡಿದೆ. ಒಂದು, ಆಮೇಲೆ ಹಾಕಿಸಬಹುದಾದ್ದು: ಸ್ಕ್ರೀನು, ಸ್ಪೀಕರು, ಅಲಾಯ್, ಸೀಟ್ ಕವರು, ಸ್ಟಿಕ್ಕರು. ಇನ್ನೊಂದು, ಯಾವ ಗ್ಯಾರೇಜಿನಲ್ಲೂ ಆಮೇಲೆ ಹಾಕಿಸಲಾಗದ್ದು: ಏರ್‌ಬ್ಯಾಗ್, ಎಬಿಎಸ್, ಇಎಸ್‌ಪಿ, ಬಾಡಿಯ ಗಟ್ಟಿತನ, ಎಂಜಿನ್. ಎರಡನೇ ಗುಂಪು ಪೂರ್ತಿ ಆದ ಮೇಲೆ ಜೇಬಿನಲ್ಲಿ ಏನಾದರೂ ಉಳಿದರೆ ಮೊದಲನೇ ಗುಂಪಿಗೆ ಬಾ ಅಂತ ಬರೆದೆ.

"ಅಣ್ಣಾ, ಹಾಗಾದ್ರೆ ಕಾರು ಬೋರಾಗಿ ಕಾಣುತ್ತಲ್ಲ" ಅಂತ ಉತ್ತರ ಬಂತು.

ಹೌದಪ್ಪಾ, ಕಾಣುತ್ತೆ. ಈ ಶನಿವಾರ ಮನೆಗೆ ಊಟಕ್ಕೆ ಬಾ ಅಂದಿದ್ದೀನಿ. ಅಪ್ಪ ಇರ್ತಾರೆ, ಅಮ್ಮ ಕೋಡುಬಳೆ ಮಾಡ್ತಾರೆ.

ನೀವೇನಂತೀರಿ? ನಿಮ್ಮ ಕಾರು ಯಾವ ವೇರಿಯಂಟು, ಆರಿಸುವಾಗ ಯಾವುದಕ್ಕೆ ಸೋತಿರಿ? ಬೈಯುವುದಿದ್ದರೂ ಬರೆಯಿರಿ, ಓದ್ತೀನಿ.