ಹತ್ತು ರಾಗ, ಮೂರು ಪೆಟ್ಟಿಗೆ

ಹೊಸ ಸಿಂಥಸೈಜರ್ ಒಂದು ಮಾರುಕಟ್ಟೆಗೆ ಬಂತೆಂದರೆ ಮುಂಬಯಿಯ ವಾದ್ಯಗಾರರಲ್ಲಿ ಕೂಡಲೇ ಎರಡು ಪಕ್ಷಗಳಾಗುತ್ತವೆ. ಅಂಗಡಿಯಲ್ಲಿ ಮುಟ್ಟಿ ನೋಡಿದವರದು ಒಂದು ಮಾತು, ಯೂಟ್ಯೂಬಿನಲ್ಲಿ ಕೇಳಿದವರದು ಇನ್ನೊಂದು. "ಇದು ಅಸಲಿ ಅನಲಾಗ್, ಆ ದಪ್ಪ ಸದ್ದು ಕಂಪ್ಯೂಟರಿನಲ್ಲಿ ಬರುವುದಿಲ್ಲ" ಎಂದು ಒಬ್ಬರು. "ಹಾಡು ಕೇಳುವವನು ರಿಕ್ಷಾದಲ್ಲಿ ಕೂತು ಮೊಬೈಲಿನಲ್ಲಿ ಕೇಳುತ್ತಾನೆ, ಅವನಿಗೆ ನಿನ್ನ ದಪ್ಪ ಸದ್ದು ಎಲ್ಲಿ ಗೊತ್ತಾಗುತ್ತದೆ ಮಾರಾಯ" ಎಂದು ಮತ್ತೊಬ್ಬರು.

2016ರಲ್ಲಿ ರೋಲ್ಯಾಂಡ್ ಕಂಪನಿ ಟಿಬಿ-03 ಎಂಬ ಅಂಗೈಯಗಲದ ಯಂತ್ರ ತಂದಾಗ ಈ ಜಗಳ ಜೋರಾಗಿಯೇ ನಡೆದಿತ್ತು. 2019ರಲ್ಲಿ ಬೆರಿಂಜರ್ ಕಂಪನಿ ಟಿಡಿ-3 ಬಿಟ್ಟಾಗ ಇನ್ನಷ್ಟು ಜೋರಾಯಿತು. ಎರಡೂ ಒಂದೇ ಹಳೆಯ ಯಂತ್ರದ ಮರುಹುಟ್ಟು. ಮೊದಲನೆಯದು ಹಳೆಯ ಸದ್ದನ್ನು ಡಿಜಿಟಲ್ ಆಗಿ ಲೆಕ್ಕ ಹಾಕಿ ಕೊಡುತ್ತದೆ. ಎರಡನೆಯದು ಅದೇ ಬಗೆಯ ಅನಲಾಗ್ ಸರ್ಕ್ಯೂಟನ್ನು ಅಗ್ಗದಲ್ಲಿ ಮತ್ತೆ ಕಟ್ಟಿದ್ದು. ಅಸಲಿ ಕಂಪನಿಯ ನಕಲಿ ಸದ್ದು ಮೇಲೋ, ನಕಲಿ ಕಂಪನಿಯ ಅಸಲಿ ಸದ್ದು ಮೇಲೋ ಎಂಬುದೇ ತಕರಾರು. ದಿನವಿಡೀ ಕೋಡ್ ಬರೆಯುವ ನನ್ನಂಥವನಿಗೆ ಇದು ಕೇಳಲು ಬಲು ಸೊಗಸಾದ ಜಗಳ.

ಆ ಹಳೆಯ ಯಂತ್ರದ ಹೆಸರು ಟಿಬಿ-303. ಅದಕ್ಕೂ ನಮ್ಮ ಮುಂಬಯಿಗೂ ಒಂದು ನಂಟಿದೆ. ಈ ಸಲದ ಅಂಕಣ ಅದರ ಬಗ್ಗೆ.

ರೋಲ್ಯಾಂಡ್ ಅದನ್ನು 1981ರ ಹೊತ್ತಿಗೆ ಮಾಡಿದ್ದು ಒಂಟಿ ಗಿಟಾರ್ ವಾದಕರಿಗಾಗಿ. ಜೊತೆಗೆ ಬೇಸ್ ಗಿಟಾರ್ ನುಡಿಸುವವರು ಯಾರೂ ಇಲ್ಲದಿದ್ದರೆ ಈ ಪೆಟ್ಟಿಗೆ ಆ ಕೆಲಸ ಮಾಡಲಿ ಎಂಬುದು ಉದ್ದೇಶ. ಆದರೆ ಅದರ ಸದ್ದು ಬೇಸ್ ಗಿಟಾರಿನಂತೆ ಇರಲೇ ಇಲ್ಲ, ಸ್ವರ ಕೂರಿಸುವ ವಿಧಾನವಂತೂ ತಲೆನೋವು. 1984ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿತು. ಒಟ್ಟು ಆಗಿದ್ದು ಹತ್ತಿರ ಹತ್ತಿರ 10,000 ಯಂತ್ರಗಳು. ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಚಿಲ್ಲರೆ ಬೆಲೆಗೆ ಹೋದವು. ಅಲ್ಲಿಂದ ಅದು ಶಿಕಾಗೋದ ಹುಡುಗರ ಕೈ ಸೇರಿತು. ಗುಂಡಿಗಳನ್ನು ಬೇಕೆಂದ ಹಾಗೆ ತಿರುಗಿಸಿ ಅವರು ಕೀರಲು, ಕೊರಕಲು, ನೀರು ಗುಳುಗುಳು ಎಂದ ಹಾಗಿನ ಸದ್ದು ತೆಗೆದರು. ಫ್ಯೂಚರ್ ಎಂಬ ತಂಡದ 'ಆಸಿಡ್ ಟ್ರ್ಯಾಕ್ಸ್' 1987ರಲ್ಲಿ ಹೊರಬಂತು. 'ಆಸಿಡ್ ಹೌಸ್' ಎಂಬ ಸಂಗೀತದ ಪಂಥವೇ ಹುಟ್ಟಿತು. ಇಂದು ಹಳೆಯ 303 ಸಿಕ್ಕರೆ ಬೆಲೆ ಲಕ್ಷಗಳಲ್ಲಿ.

ಆದರೆ ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಹಿಂದಿ ಸಿನಿಮಾಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಮುಂಬಯಿಯಲ್ಲಿ ಒಂದು ಎಲ್‌ಪಿ ಮಾಡಿದ್ದರು. ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಅವರ ಬಳಿ ಇದ್ದದ್ದು ಆಗಷ್ಟೇ ಬಂದಿದ್ದ ಮೂರು ಯಂತ್ರಗಳು: ತಾಳಕ್ಕೆ ಟಿಆರ್-808, ಕೆಳಸ್ವರಕ್ಕೆ ಟಿಬಿ-303, ರಾಗಕ್ಕೆ ಜ್ಯೂಪಿಟರ್-8. 808 ಮತ್ತು 303 ಒಂದೇ ಲಯದಲ್ಲಿ ತಾವಾಗಿಯೇ ಓಡುತ್ತಿದ್ದರೆ ಮೇಲೆ ಜ್ಯೂಪಿಟರಿನಲ್ಲಿ ಅವರು ರಾಗ ನುಡಿಸಿದರು. ಭೈರವ್, ಲಲಿತ್, ಭೂಪಾಲಿ, ತೋಡಿ, ಯಮನ್, ಮಾಲ್‌ಕೌಂಸ್ ಹೀಗೆ ಹತ್ತು.

ಎಲ್‌ಪಿ ಓಡಲಿಲ್ಲ. ಡಿಸ್ಕೋ ಬೇಕಾದವರಿಗೆ ಅದರಲ್ಲಿ ಹಾಡಿರಲಿಲ್ಲ, ರಾಗ ಬೇಕಾದವರಿಗೆ ಅದರಲ್ಲಿ ತಬಲಾ ಇರಲಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಪುಟ್ಟ ಸಂಸ್ಥೆ ಅದನ್ನು ಮತ್ತೆ ಅಚ್ಚು ಹಾಕಿದಾಗ ಪಾಶ್ಚಾತ್ಯ ಕೇಳುಗರು ಬೆಚ್ಚಿದರು. ಶಿಕಾಗೋದ ಸದ್ದು ಶಿಕಾಗೋಕ್ಕಿಂತ ಮೊದಲೇ ಮುಂಬಯಿಯಲ್ಲಿ ಹೇಗೆ? ಎಪ್ಪತ್ತು ದಾಟಿದ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ ಬಂದರು. 2015ರ ಜುಲೈನಲ್ಲಿ ಮುಂಬಯಿಯಲ್ಲೇ ತೀರಿಕೊಂಡರು.

'ಆಸಿಡ್ ಹೌಸ್ ಕಂಡುಹಿಡಿದವರು ನಾವೇ' ಎಂದು ಎದೆ ತಟ್ಟಿಕೊಳ್ಳುವವರು ಇದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಶಿಕಾಗೋದವರು ಈ ಎಲ್‌ಪಿ ಕೇಳಿದ್ದರು ಎನ್ನಲು ಆಧಾರವಿಲ್ಲ. ನನಗೆ ಕುತೂಹಲ ಬೇರೆಯದು. ಆ ಯಂತ್ರ ರಾಗಕ್ಕೆ ಒಗ್ಗಿದ್ದಾದರೂ ಹೇಗೆ?

303ರಲ್ಲಿ 'ಸ್ಲೈಡ್' ಎಂಬ ಒಂದು ಸೌಲಭ್ಯ ಇದೆ. ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಜಿಗಿಯದೆ ಜಾರುತ್ತದೆ. ಜ್ಯೂಪಿಟರಿನಲ್ಲೂ ಹೀಗೆ ಜಾರಿಸುವ ಸೌಕರ್ಯವಿದೆ, ಸ್ವರವನ್ನು ಬಾಗಿಸುವ ಹಿಡಿಯೂ ಇದೆ. ಹಿಂದೂಸ್ತಾನಿಯವರು ಮೀಂಡ್ ಎನ್ನುವುದರ, ನಾವು ಜಾರು ಎನ್ನುವುದರ ಬಡ ನೆಂಟ ಇದು. ಪಿಯಾನೋದಲ್ಲಿ, ಹಾರ್ಮೋನಿಯಂನಲ್ಲಿ ಇದು ಸಾಧ್ಯವಿಲ್ಲ. ಎರಡನೆಯದು, ರಾಗವೆಂದರೆ ಯಾವ ಸ್ವರ ಬೇಕು ಎಂಬಷ್ಟೇ ಯಾವ ಸ್ವರ ಬೇಡ ಎಂಬ ಕಟ್ಟಳೆ ಕೂಡ. ಲಲಿತ್‌ಗೆ ಪಂಚಮ ಬೇಡ, ಮಾಲ್‌ಕೌಂಸ್‌ಗೆ, ಅಂದರೆ ನಮ್ಮ ಹಿಂದೋಳಕ್ಕೆ, ರಿಷಭ ಪಂಚಮ ಎರಡೂ ಬೇಡ. ಹದಿನಾರು ಹೆಜ್ಜೆಗಳಲ್ಲಿ ಸ್ವರ ಕೂರಿಸಿ ಸುತ್ತಿ ಸುತ್ತಿ ಓಡಿಸುವ ಯಂತ್ರಕ್ಕೆ ಇಂಥ ಕಟ್ಟಳೆ ಹೇಳಿ ಮಾಡಿಸಿದಂತಿದೆ.

ಒಗ್ಗದ ಕಡೆಯೂ ಇದೆ. ತೋಡಿಯ ಗಾಂಧಾರವನ್ನು ಗಾಯಕರು ಇಡುವ ಜಾಗ ಕೀಬೋರ್ಡಿನ ಯಾವ ಮನೆಯಲ್ಲೂ ಇಲ್ಲ. ಎಲ್‌ಪಿಯ ತೋಡಿ ಕೇಳಿದರೆ ಅದು ತಿಳಿಯುತ್ತದೆ. ಅಲ್ಲಿ ರಾಗದ ನಕ್ಷೆ ಇದೆ, ಮೈ ಪೂರ್ತಿ ಇಲ್ಲ.

ಈ ಆಕ್ಷೇಪಣೆ ಹೊಸದೇನಲ್ಲ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. ವಿದೇಶಿ ಪೆಟ್ಟಿಗೆ, ಶ್ರುತಿ ಕೆಡಿಸುತ್ತದೆ, ಗಮಕ ಬರುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1971ರವರೆಗೆ ಒಳಗೆ ಬಿಡಲಿಲ್ಲ. ಮೂವತ್ತು ವರ್ಷದ ಆ ಬಹಿಷ್ಕಾರದ ನಡುವೆಯೇ ನಮ್ಮ ನಾಟಕ ಕಂಪನಿಗಳು ಅದರ ಮೇಲೆ ನಿಂತಿದ್ದವು, ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆಯವರಂಥವರು ಅದರಲ್ಲೇ ಸಾಧನೆ ಮಾಡಿ ಶಿಷ್ಯರನ್ನು ಬೆಳೆಸಿದರು. ಮುಂದೆ ಬೆಂಗಳೂರಿನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ತಂದಾಗಲೂ ಮೂಗು ಮುರಿದವರಿದ್ದರು. ಈಗ ಅದು ಮೊಬೈಲ್ ಆ್ಯಪ್ ಆಗಿ ಎಲ್ಲರ ಜೇಬಿನಲ್ಲಿದೆ. ಅಂದರೆ ಸದ್ದಿನ ಜಗಳ ಒಂದಲ್ಲ ಒಂದು ದಿನ ತೀರುತ್ತದೆ. ಕಿವಿ ಒಗ್ಗಿಕೊಳ್ಳುತ್ತದೆ.

ತೀರದ ಜಗಳ ಹೊಟ್ಟೆಯದು.

ಮುಂಬಯಿಗೆ ಮೂಗ್ ಸಿಂಥಸೈಜರ್ ತಂದ ಮೊದಲಿಗರಲ್ಲಿ ಕೇರ್ಸಿ ಲಾರ್ಡ್ ಒಬ್ಬರು. ಒಂದು ಪೆಟ್ಟಿಗೆ ಹತ್ತು ಜನರ ಕೆಲಸ ಮಾಡಿದರೆ ಆ ಹತ್ತು ಜನ ಎಲ್ಲಿಗೆ ಹೋಗಬೇಕೆಂಬ ಆತಂಕ ಅಂದೇ ವಾದ್ಯಗಾರರಲ್ಲಿ ಶುರುವಾಯಿತು. ಆತಂಕ ಸುಳ್ಳಾಗಲಿಲ್ಲ. ಹಾಡೊಂದಕ್ಕೆ ಐವತ್ತು ಅರವತ್ತು ಜನ ಒಟ್ಟಿಗೆ ಕೂತು ನುಡಿಸುತ್ತಿದ್ದ ನಗರವಿದು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಿಟೀಲಿನ ಸಾಲುಗಳು ಕೀಬೋರ್ಡಿನೊಳಗೆ ಸೇರಿದ್ದವು. ಪಿಟೀಲು ಬಾರಿಸುತ್ತಿದ್ದವರ ಮನೆಬಾಡಿಗೆ ಮಾತ್ರ ಯಾವ ಯಂತ್ರದೊಳಗೂ ಸೇರಲಿಲ್ಲ. 303ರ ಉದ್ದೇಶವೇ ಬೇಸ್ ವಾದಕನ ಬದಲಿ. ಅದನ್ನು ನಾವು ಮರೆಯಬಾರದು.

ಇದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಮುಂಬಯಿ ಕನ್ನಡಿಗರ, ತುಳುವರ ಕಾರ್ಯಕ್ರಮಗಳನ್ನೇ ನೋಡಿ. ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಒಂದು ತುಳು ನಾಟಕ, ಒಂದು ಭಜನಾ ಮಂಡಳಿಯ ವಾರ್ಷಿಕೋತ್ಸವ, ಒಂದು ರಸಮಂಜರಿ. ಹಿನ್ನೆಲೆಗೆ ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್. ಇಬ್ಬರೇ, ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಹೊತ್ತು ತಂದು, ರಾತ್ರಿ ಕೊನೆಯ ಗಾಡಿ ಹಿಡಿಯುತ್ತಾರೆ. ಢೋಲಕ್, ಕಾಂಗೋ, ಡ್ರಮ್‌ಸೆಟ್, ಕೊಳಲು, ಪಿಟೀಲು ಎಲ್ಲಕ್ಕೂ ಜನ ಕರೆಸುವ ಶಕ್ತಿ ಆ ಮಂಡಳಿಗಳಿಗೆ ಎಂದೂ ಇರಲಿಲ್ಲ. ಅಲ್ಲಿ ಪೆಟ್ಟಿಗೆ ಯಾರ ಅನ್ನವನ್ನೂ ಕಸಿಯಲಿಲ್ಲ, ಇಲ್ಲದ ಕಡೆ ಸಂಗೀತ ತಂದಿತು. ಆದರೆ ಅದೇ ಪ್ಯಾಡ್ ದೊಡ್ಡ ಬಜೆಟ್ಟಿನ ಮದುವೆಯಲ್ಲಿ ಮೂವರು ತಾಳವಾದ್ಯದವರನ್ನು ಮನೆಗೆ ಕಳಿಸಿದೆ. ಯಂತ್ರ ಒಂದೇ, ಲೆಕ್ಕ ಮಾತ್ರ ಎರಡು.

ನಮ್ಮ ಐಟಿ ಮಂದಿಗೆ ಇದು ಈಗ ಚೆನ್ನಾಗಿ ಅರ್ಥವಾಗಬೇಕು. ಎಐ ಬಂದ ಮೇಲೆ ಪೊವಾಯಿ, ಐರೋಲಿಗಳ ಕ್ಯಾಂಟೀನಿನಲ್ಲಿ ಚಹಾ ಹೊತ್ತಿಗೆ ನಡೆಯುವ ಮಾತು ಮೂಗ್ ಬಂದಾಗ ಸ್ಟುಡಿಯೋದ ವಾದ್ಯಗಾರರು ಆಡಿದ ಮಾತೇ. 'ಇದು ಬರೆದ ಕೋಡ್ ನಮ್ಮಷ್ಟು ಚೆನ್ನಾಗಿಲ್ಲ' ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಅವರೂ 'ಇದರ ಪಿಟೀಲು ಪಿಟೀಲಿನ ಹಾಗಿಲ್ಲ' ಎಂದಿದ್ದರು. ನಿಜವೇ ಆಗಿತ್ತು. ಆದರೂ ಕೆಲಸ ಹೋಯಿತು, ಏಕೆಂದರೆ ಹಣ ಕೊಡುವವನಿಗೆ ಪಿಟೀಲಿನ ಹಾಗಿರಬೇಕೆಂಬ ಹಟ ಇರಲಿಲ್ಲ.

ಚರಣ್‌ಜಿತ್ ಅವರ ಎಲ್‌ಪಿ ನನಗೆ ಇಷ್ಟವಾಗುವುದು ಇಲ್ಲಿ. ಅವರು ಆ ಪೆಟ್ಟಿಗೆಗಳಿಂದ ಪಿಟೀಲನ್ನೋ ತಬಲಾವನ್ನೋ ನಕಲು ಮಾಡಿಸಲಿಲ್ಲ. ಬದಲಿಗೆ ಬೇರೆ ಯಾವ ವಾದ್ಯವೂ ಮಾಡಲಾರದ ಒಂದನ್ನು ಮಾಡಿಸಿದರು. ಅದಕ್ಕೆ ರಾಗ ಗೊತ್ತಿರಬೇಕಿತ್ತು, ಗೊತ್ತಿತ್ತು. ಯಂತ್ರದ ಕೈಪಿಡಿಯಲ್ಲಿ ಲಲಿತ್ ಇರಲಿಲ್ಲ.

ಹಾಗಾಗಿ ಮನೆಯಲ್ಲಿ ಮಕ್ಕಳು ಸಿಂಥಸೈಜರ್ ಬೇಕೆಂದು ಹಟ ಹಿಡಿದಿದ್ದರೆ ಕೊಡಿಸಿ, ಅನಲಾಗೋ ಡಿಜಿಟಲ್ಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ ಒಂದು ವರ್ಷವಾದರೂ ಸರಳೆ, ಜಂಟಿವರಸೆ ಹಾಡಿಸಿ. ಇನ್ನು ಸಂಘ, ಮಂಡಳಿಗಳ ಪದಾಧಿಕಾರಿಗಳಿಗೆ ಒಂದು ವಿನಂತಿ. ಈ ಸಲದ ಬಜೆಟ್ಟಿನಲ್ಲಿ ಹೂವಿನ ಅಲಂಕಾರಕ್ಕೆ, ಶಾಲು ಹಾರಕ್ಕೆ ಇಟ್ಟದ್ದರಲ್ಲಿ ಸ್ವಲ್ಪ ತೆಗೆದು ಒಬ್ಬ ಕೊಳಲಿನವರನ್ನೋ ಢೋಲಕ್‌ನವರನ್ನೋ ಕರೆಸಿ. ಕೀಬೋರ್ಡ್ ನುಡಿಸುವವರೂ ಬೇಡ ಎನ್ನಲಾರರು. ಎದುರಿಗೊಬ್ಬ ಮನುಷ್ಯ ತಾಳ ಹಾಕುತ್ತಿದ್ದರೆ ಅವರ ಬೆರಳಿಗೂ ಹುರುಪು.